ಅತ್ತೆಯ ಕೈಚೀಲದ ತೊಗರಿಬೇಳೆ

ನಮ್ಮ ಸೋದರತ್ತೆಗೆ ಹಿಂದೂಪುರದಲ್ಲಿ ಮನುಷ್ಯರಿಗಿಂತ ಬಾವಿಗಳ ಪರಿಚಯವೇ ಹೆಚ್ಚಾಗಿತ್ತು ಎಂದರೆ ನೀವು ನಗುತ್ತೀರಿ. ನಗಿ, ನನಗೇನೂ ಬೇಸರವಿಲ್ಲ! ಆದರೆ ಆ ಊರಿನ ಯಾವ ಬೀದಿಯ ಯಾವ ಹಿತ್ತಲಿನ ಬಾವಿಯಲ್ಲಿ ಸಿಹಿನೀರಿದೆ, ಯಾವುದರಲ್ಲಿ ಗಡಸು ನೀರಿದೆ, ಯಾವುದು ಬಾಯಿಗೆ ಸಿಹಿ ಅನ್ನಿಸಿ ಒಲೆಯ ಮೇಲೆ ಕೈಕೊಡುತ್ತದೆ ಎಂದು ಕಣ್ಣುಮುಚ್ಚಿ ಹೇಳಬಲ್ಲವಳು ಅವಳೊಬ್ಬಳೇ. ಹಾಗಾದರೆ ಅವಳೇನು ಬಾವಿ ತೋಡಿಸುವವಳೇ? ನೀರು ಮಾರುವವಳೇ? ಅಲ್ಲ ಸ್ವಾಮಿ, ಒಂದು ಕನ್ನಡ ಶಾಲೆಯ ಹೆಡ್‌ಮಿಸ್ಸು!

ಅವಳ ಕೈಚೀಲದಲ್ಲಿ ಸೀಮೆಸುಣ್ಣ ಇಲ್ಲದ ದಿನವನ್ನು ನಾನು ನೋಡಿದ್ದೇನೆ. ಕನ್ನಡಕ ಮರೆತು ಬಂದು, ಹಾಜರಿ ಕರೆಯಲು ಪಕ್ಕದ ಮೇಷ್ಟ್ರ ಕನ್ನಡಕ ಎರವಲು ಪಡೆದದ್ದನ್ನೂ ನೋಡಿದ್ದೇನೆ. ತೊಗರಿಬೇಳೆ ಇಲ್ಲದ ದಿನವನ್ನು ಮಾತ್ರ ನೋಡಿಲ್ಲ. ಹಳೆಯ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿದ ಒಂದು ಹಿಡಿ ಬೇಳೆ, ಅದರ ಜೊತೆಗೆ ಕಲಾಯಿ ಹಾಕಿಸಿದ ಒಂದು ಪುಟ್ಟ ಹಿತ್ತಾಳೆ ತಪ್ಪಲೆ. ತಪ್ಪಲೆ ಯಾಕೆ ಅನ್ನುತ್ತೀರಾ? ಹಿಂದೂಪುರ ಹುಣಿಸೆಹಣ್ಣಿನ ವ್ಯಾಪಾರದ ಊರು. ಅಲ್ಲಿ ಹುಣಿಸೆಹಣ್ಣು ನೆನೆಸದ ಪಾತ್ರೆಯನ್ನು ಹುಡುಕಲು ದೀಪ ಹಚ್ಚಿಕೊಂಡು ಹೋಗಬೇಕು! ಹುಳಿ ಸೋಕಿದ ಪಾತ್ರೆಯಲ್ಲಿ ಬೇಳೆ ಮುನಿಸಿಕೊಂಡು ಕೂರುತ್ತದೆ. ಪರೀಕ್ಷೆ ಎಂದ ಮೇಲೆ ಶುದ್ಧವಾಗಿ ನಡೆಯಬೇಡವೇ?

ಎಂಥ ಪರೀಕ್ಷೆ ಎಂದು ಹೇಳಲೇ ಇಲ್ಲ, ನೋಡಿ.

ಅದು ಎಪ್ಪತ್ತರ ದಶಕ. ಆಂಧ್ರಕ್ಕೆ ಸೇರಿದ ಗಡಿಯೂರು ನಮ್ಮದು. ಶಾಲೆಗಳಿಗೇನೂ ಕಡಿಮೆ ಇರಲಿಲ್ಲ, ಕನ್ನಡದಲ್ಲಿ ಪಾಠ ಹೇಳುವ ಮೇಷ್ಟ್ರುಗಳಿಗೇ ಬರ. ಬಂದವರಾದರೂ ನಿಲ್ಲುತ್ತಿದ್ದರೇ? ಆಷಾಢದಲ್ಲಿ ಬಂದವರು ದೀಪಾವಳಿಗೆ ವರ್ಗ ಮಾಡಿಸಿಕೊಂಡು ಹೊರಟುಬಿಡುತ್ತಿದ್ದರು. ಯಾಕಪ್ಪ ಎಂದು ಕೇಳಿದರೆ ಅವರ ಬಳಿ ಕಾರಣಗಳು ಸಾಲಾಗಿ ನಿಂತಿರುತ್ತಿದ್ದವು. ಒಬ್ಬರಿಗೆ ಊರಲ್ಲಿ ವಯಸ್ಸಾದ ತಾಯಿ, ಒಬ್ಬರಿಗೆ ಹೊಟ್ಟೆನೋವು, ಇನ್ನೊಬ್ಬರಿಗೆ ಇಲ್ಲಿನ ಗಾಳಿ ಒಗ್ಗುವುದಿಲ್ಲ. ಅತ್ತೆ ಬಹಳ ದಿನ ಇವನ್ನೆಲ್ಲ ನಂಬಿಕೊಂಡಿದ್ದಳು. ಒಮ್ಮೆ ಹೊರಟು ನಿಂತ ಮೇಷ್ಟ್ರೊಬ್ಬರ ಮನೆಗೆ ಹೋದವಳು, ಜಗಲಿಯಲ್ಲಿ ಕೂತ ಮೇಷ್ಟ್ರನ್ನು ಬಿಟ್ಟು ನೇರ ಅಡುಗೆಮನೆಗೆ ನುಗ್ಗಿ ಅವರ ಹೆಂಡತಿಯನ್ನು ಕೇಳಿದಳು.

"ನಿಜ ಹೇಳಮ್ಮ, ಯಾಕೆ ಹೋಯ್ತಿದ್ದೀರಾ?"

ಆ ಹೆಂಗಸಿನ ಕಣ್ಣಲ್ಲಿ ನೀರು ಬಂತಂತೆ. "ಬ್ಯಾಳೆ ಬೇಯಲ್ಲ ಕಣಕ್ಕ. ಬೆಳಿಗ್ಗೆ ಇಟ್ರೆ ಮಧ್ಯಾಹ್ನಕ್ಕೂ ಕಲ್ಲು ಕಲ್ಲು. ದಿನಾ ತಟ್ಟೆ ಮುಂದೆ ಜಗಳ. ಈ ನೀರಲ್ಲಿ ಸಂಸಾರ ಮಾಡಕ್ಕಾಯ್ತದಾ?"

ಅಷ್ಟೇ! ಅತ್ತೆಗೆ ಶಿಕ್ಷಣ ಇಲಾಖೆಯ ಸಕಲ ರಹಸ್ಯವೂ ಆ ಒಲೆಯ ಮುಂದೆ ತೆರೆದುಕೊಂಡಿತು. ಬೇಳೆ ಬೆಂದರೆ ಮೇಷ್ಟ್ರು ನಿಲ್ಲುತ್ತಾರೆ. ಮೇಷ್ಟ್ರು ನಿಂತರೆ ಮಕ್ಕಳು ಕಲಿಯುತ್ತಾರೆ. ಅಂದಿನಿಂದ ಹೊಸ ಮೇಷ್ಟ್ರು ಬರುತ್ತಾರೆ ಎಂದು ಸುದ್ದಿ ತಿಳಿದ ಕೂಡಲೇ ಅತ್ತೆ ಚೀಲ ಹೆಗಲಿಗೇರಿಸಿ ಬಾಡಿಗೆ ಮನೆ ನೋಡಲು ಹೊರಡುತ್ತಿದ್ದಳು. ಗಾಳಿ ಬೆಳಕು ನೋಡುತ್ತಿರಲಿಲ್ಲ, ವಾಸ್ತು ಕೇಳುತ್ತಿರಲಿಲ್ಲ. "ಬಾವಿ ಎಲ್ಲೈತೆ?" ಎನ್ನುವುದೇ ಮೊದಲ ಮಾತು. ಆ ಮನೆಯವರ ಒಲೆಯ ಮೇಲೇ ತಪ್ಪಲೆ ಇಟ್ಟು, ಬೇಳೆ ಹಾಕಿ, ಕುದಿಯುವವರೆಗೂ ಅವರ ಮನೆಯ ಸೊಸೆಯ ಬಾಣಂತನದ ಕಥೆ ಕೇಳಿ, ಕೊನೆಗೆ ಒಂದೇ ಒಂದು ಬೇಳೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಸುಕುವಳು. ಬೆಣ್ಣೆಯಂತೆ ಜಾರಿದರೆ "ಪಾಸು". ಒಳಗೆ ಒಂದು ಚೂರು ಗಟ್ಟಿ ಸಿಕ್ಕರೂ "ಫೇಲು". ಸಪ್ಲಿಮೆಂಟರಿ ಎಂಬುದೇ ಇರಲಿಲ್ಲ!

ನಾನಾಗ ಇಂಟರ್, ಅಂದರೆ ನಿಮ್ಮ ಪಿಯುಸಿ, ಓದುತ್ತಾ ಅವಳ ಮನೆಯಲ್ಲೇ ಇದ್ದೆ. ಅದು ನೇಕಾರರ ಮನೆ. ಮಾವ ಮಗ್ಗದ ಗುಂಡಿಯಲ್ಲಿ ಕಾಲು ಬಿಟ್ಟುಕೊಂಡು ರೇಷ್ಮೆ ಸೀರೆ ನೇಯುತ್ತಾ, ಲಾಳಿ ಆ ಕಡೆ ಈ ಕಡೆ ಹೋಗುವ ಸಂದಿನಲ್ಲಿ ಒಂದೊಂದು ಮಾತು ಎಸೆಯುತ್ತಿದ್ದರು.

"ನಿಮ್ಮತ್ತೆ ನನ್ನ ನೋಡಿ ಮದುವೆ ಆದ್ಲು ಅನ್ಕೊಂಡಿದ್ಯಾ? ಹೆಣ್ಣು ನೋಡಕ್ಕೆ ಹೋದ್ರೆ, ತಲೆ ತಗ್ಗಿಸ್ಕೊಂಡು ಕೂತಿದ್ದೋಳು, 'ನಿಮ್ಮನೆ ಬಾವಿ ನೀರು ಹೆಂಗೈತೆ?' ಅಂದ್ಬುಟ್ಳು ಕಣಮ್ಮ. ನಮ್ಮಪ್ಪ ಮಾರನೇ ದಿನ ಒಂದು ಚೊಂಬು ನೀರು ಕಳಿಸಿದ. ಪಾಸಾಗಿದ್ದು ಬಾವಿ. ನಾನು ಅದರ ಜೊತೆಗೆ ಬಂದೋನು!"

ಅತ್ತೆ ಒಳಗಿನಿಂದಲೇ ಕೂಗುವಳು, "ಸುಳ್ಳು ಹೇಳ್ಬ್ಯಾಡ್ರಿ, ಚೊಂಬಲ್ಲ, ಬಿಂದಿಗೆ!"

ಪರೀಕ್ಷೆ ಒಂದೊಂದು ಸಲ ಸೋಲುತ್ತಲೂ ಇತ್ತು. ಒಬ್ಬ ವಿಜ್ಞಾನದ ಮೇಷ್ಟ್ರಿಗೆ ಊರಿನ ಅತ್ಯುತ್ತಮ ಸಿಹಿನೀರಿನ ಮನೆ ಕೊಡಿಸಿದಳು. ಆ ಪುಣ್ಯಾತ್ಮ ಬ್ರಹ್ಮಚಾರಿ, ಒಲೆಯನ್ನೇ ಹಚ್ಚುತ್ತಿರಲಿಲ್ಲ. ಮೂರು ಹೊತ್ತೂ ಹೋಟೆಲು! ಅವನೂ ವರ್ಗಕ್ಕೆ ಅರ್ಜಿ ಹಾಕಿದ. ಅತ್ತೆ ಸುಮ್ಮನಿರುವವಳೇ? "ಬ್ರಹ್ಮಚಾರಿಗೆ ಬಾವಿ ತೋರ್ಸಿ ಪ್ರಯೋಜನ ಇಲ್ಲ" ಎಂದು ತೀರ್ಮಾನಿಸಿ ಹೆಣ್ಣು ನೋಡಿದಳು. ಅದೇ ಊರಿನ ಹೆಣ್ಣು. ಜಾತಕ ಕೂಡಿತೋ ಇಲ್ಲವೋ ನನಗೆ ಗೊತ್ತಿಲ್ಲ, ಆದರೆ ಹೆಣ್ಣಿನ ತವರಿನ ಹಿತ್ತಲಲ್ಲಿ ಸೊಗಸಾದ ಬಾವಿ ಇತ್ತು. ಅವನು ಆಮೇಲೆ ಅಲ್ಲಾಡಲಿಲ್ಲ.

ಒಮ್ಮೆ ಅನಂತಪುರದ ಕಡೆಯಿಂದ ಬಂದ ಇನ್‌ಸ್ಪೆಕ್ಟರು ಗೋಡೆಯ ಚಾರ್ಟುಗಳನ್ನೆಲ್ಲ ನೋಡಿ, ಕುರ್ಚಿಯಲ್ಲಿ ಕೂತು ಗಂಭೀರವಾಗಿ ಕೇಳಿದರಂತೆ, "ಗಣಿತದ ಮಟ್ಟ ಸುಧಾರಿಸಲು ಏನು ಕ್ರಮ ತಗೊಂಡಿದ್ದೀರಮ್ಮ?"

"ಹೊಸದಾಗಿ ಎರಡು ಬಾವಿ ನೋಡಿದೀನಿ ಸಾರ್," ಎಂದಳು ಅತ್ತೆ.

ಅವರು ವರದಿಯಲ್ಲಿ ಏನು ಬರೆದರೋ ದೇವರೇ ಬಲ್ಲ!

ಗಣಿತ ಎಂದೆನಲ್ಲ, ಅತ್ತೆಯ ನಿಜವಾದ ಅಗ್ನಿಪರೀಕ್ಷೆ ನಡೆದದ್ದು ಅದರಲ್ಲೇ. ಆ ವರ್ಷ ಏಳನೇ ತರಗತಿಗೆ ಗಣಿತದ ಮೇಷ್ಟ್ರು ಒಬ್ಬರಾದ ಮೇಲೆ ಒಬ್ಬರು ಬಂದು ಹೋದರು. ಬಂದ ಪ್ರತಿಯೊಬ್ಬರೂ ಏನು ಮಾಡುತ್ತಾರೆ ಹೇಳಿ? ಪುಸ್ತಕದ ಮೊದಲ ಪಾಠದಿಂದ ಶುರು ಮಾಡುತ್ತಾರೆ. ಹಾಗಾಗಿ ಮಕ್ಕಳಿಗೆ ಪೂರ್ಣಾಂಕಗಳು ಎಂಬ ಮೊದಲ ಪಾಠ ನಿದ್ದೆಯಲ್ಲೂ ಬರುತ್ತಿತ್ತು. ಎರಡನೇ ಪಾಠದ ಹಾಳೆಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡೇ ಇದ್ದವು! ಏಳನೇ ತರಗತಿಗೆ ಪಬ್ಲಿಕ್ ಪರೀಕ್ಷೆ. ಪರೀಕ್ಷೆಯವರು ಮೊದಲ ಪಾಠ ಒಂದನ್ನೇ ಕೇಳುತ್ತಾರೆಯೇ? ಆ ತರಗತಿಯಲ್ಲಿ ಫೇಲಾದ ಹೆಣ್ಣುಮಕ್ಕಳನ್ನು ಮರುವರ್ಷ ಯಾರೂ ಶಾಲೆಗೆ ಕಳಿಸುತ್ತಿರಲಿಲ್ಲ. ಮಗ್ಗದ ಪಕ್ಕ ಕೂರಿಸಿ ನೂಲು ಸುತ್ತಲು ಹಚ್ಚುತ್ತಿದ್ದರು, ಇಲ್ಲವೇ ಹುಣಿಸೆಹಣ್ಣಿನ ಬೀಜ ಬಿಡಿಸಲು ಮಂಡಿಗೆ ಕಳಿಸುತ್ತಿದ್ದರು. ಅತ್ತೆಗೆ ಅದು ಗೊತ್ತಿತ್ತು. ಅವಳಿಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ.

ಅಷ್ಟರಲ್ಲಿ ಕಲ್ಯಾಣದುರ್ಗದ ಒಬ್ಬ ಮೇಷ್ಟ್ರು ಬಂದರು. ಬೋರ್ಡಿನ ಮುಂದೆ ನಿಂತರೆ ಲೆಕ್ಕ ತಾನಾಗಿ ಬಿಡಿಸಿಕೊಳ್ಳುತ್ತಿತ್ತು ಎನ್ನಬೇಕು, ಅಂಥ ಮೇಷ್ಟ್ರು. ಹೊಸದಾಗಿ ಮದುವೆಯಾಗಿದ್ದರು. ಅತ್ತೆ ಊರೆಲ್ಲ ಅಲೆದು, ಬೋಂಡಾ ಅಂಗಡಿಯವನೊಬ್ಬನ ಮನೆಯ ಹಿಂದಿನ ಭಾಗವನ್ನು ನೋಡಿದಳು. ಅಂಗಡಿಯವನಿಗೆ ಬಹಳ ಮರ್ಯಾದೆ. "ಅಯ್ಯೋ ಅಮ್ಮ, ನೀವ್ಯಾಕೆ ನೀರು ಸೇದ್ತೀರಾ, ಕೂತ್ಕೊಳ್ರಿ" ಎಂದು ತಾನೇ ಸೇದಿ ತಂದುಕೊಟ್ಟ. ಬೇಳೆ ಹೇಗೆ ಬೆಂದಿತು ಅಂತೀರಿ! ಹಿಸುಕುವ ಮೊದಲೇ ಕರಗಿತು. ಅತ್ತೆ ಮನೆಗೆ ಬಂದವಳೇ, "ನಮ್ಮ ಬಾವಿಗಿಂತ ಒಂದು ಕೈ ಮೇಲು" ಎಂದು ಮಾವನ ಮುಂದೆ ಘೋಷಿಸಿದಳು. ಮಾವನಿಗೆ ಅವಮಾನವಾಗಿ ಅಂದು ಸೀರೆಯ ಅಂಚು ಸೊಟ್ಟ ಬಂತು.

ವಾರ ಕಳೆಯುವಷ್ಟರಲ್ಲಿ ಮೇಷ್ಟ್ರ ಹೆಂಡತಿ ಬಟ್ಟೆ ಕಟ್ಟಿಕೊಂಡು ಕಲ್ಯಾಣದುರ್ಗದ ತವರಿಗೆ ಹೊರಟುಹೋದಳು. ಮೇಷ್ಟ್ರು ಮುಖ ಸಪ್ಪೆ ಮಾಡಿಕೊಂಡು ಅತ್ತೆಯ ಮುಂದೆ ನಿಂತರು. "ಬ್ಯಾಳೆ ಬೇಯಲ್ಲಂತೆ ಮೇಡಂ. ನನಗೂ ವರ್ಗ ಬೇಕು."

ಅತ್ತೆ ಅಲ್ಲಿಂದಲೇ ಬೋಂಡಾ ಅಂಗಡಿಗೆ ನಡೆದಳು. ಹಿಂದೆ ನಾನು. ಈ ಸಲ ಹಗ್ಗ ಅವಳ ಕೈಯಲ್ಲಿತ್ತು. ನೀರು ಸೇದಿ, ಬೇಳೆ ಇಟ್ಟು, ಹಿಸುಕಿ ನೋಡಿದಳು. ಜಲ್ಲಿಕಲ್ಲು! ಮೊದಲ ಸಲ ಬೇಯಿಸಿದ ಬೇಳೆಯ ಬಣ್ಣ ಒಂದಿಷ್ಟು ಕೆಂಪಗಿತ್ತು ಎಂಬುದು ಅವಳಿಗೆ ಆಗ ನೆನಪಾಯಿತು.

"ಏನ್ಲಾ ಹಾಕಿದ್ದೆ ಅವತ್ತು?"

ಅಂಗಡಿಯವನು ಬಾಣಲೆಯಲ್ಲಿ ಮುಳುಗುವಷ್ಟು ತಲೆ ತಗ್ಗಿಸಿದ. "ಒಂದ್ ಚಿಟಿಕೆ ಅಮ್ಮ. ಅಡುಗೆ ಸೋಡಾ. ಬೋಂಡಕ್ಕೆ ಹಾಕಲ್ವಾ, ಹಂಗೇ. ಮೇಷ್ಟ್ರು ಬಾಡಿಗೆಗೆ ಬಂದ್ರೆ ಮನೆಗೆ ಮರ್ಯಾದೆ ಅಂತ ಆಸೆ ಬಿದ್ದೆ."

ಜೀವಮಾನವಿಡೀ ಮಕ್ಕಳ ಕಾಪಿ ಹಿಡಿದವಳ ಪರೀಕ್ಷೆಯಲ್ಲೇ ಬಾವಿಯೊಂದು ಕಾಪಿ ಹೊಡೆದಿತ್ತು! ಅತ್ತೆ ಅವನನ್ನು ಬೈಯಲೂ ಇಲ್ಲ. ಮನೆಗೆ ಬಂದು, ನೂಲು ಇಡುತ್ತಿದ್ದ ಮುಂದಿನ ಕೋಣೆಯ ಬಾಗಿಲು ತೆರೆದು, ನೂಲಿನ ಮೂಟೆಗಳನ್ನೆಲ್ಲ ಅಟ್ಟಕ್ಕೆ ಏರಿಸತೊಡಗಿದಳು.

"ಏನ್ ನಡೀತಾ ಐತೆ?" ಎಂದರು ಮಾವ.

"ಮೇಷ್ಟ್ರು ಸಂಸಾರ ಇಲ್ಲೇ ಇರ್ತದೆ. ನಮ್ಮ ಬಾವಿ ಐತಲ್ಲ."

"ನನ್ನ ನೂಲು?"

"ನೂಲು ಬ್ಯಾಳೆ ಬೇಯ್ಸ್ಕೊಂಡು ತಿಂತದಾ?"

ಮಾವ ಲಾಳಿ ಎಸೆದರು. ವಾದಕ್ಕೆ ಜಾಗವಿರಲಿಲ್ಲ.

ಆದರೆ ತವರಿಗೆ ಹೋದವಳು ಬರಬೇಕಲ್ಲ? ಮಾರನೆಯ ಬೆಳಿಗ್ಗೆ ಅತ್ತೆ ನಮ್ಮ ಬಾವಿಯ ನೀರನ್ನು ಒಂದು ಬಿಂದಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಪಾವಗಡದ ಮೇಲೆ ಹೋಗುವ ಬಸ್ಸು ಹತ್ತಿದಳು. ಬಿಂದಿಗೆಯ ಇನ್ನೊಂದು ಪಕ್ಕ ನಾನು. ಕಂಡಕ್ಟರು ಬಗ್ಗಿ ನೋಡಿ, "ಬಿಂದೆಲೋ ಏಮುಂದಮ್ಮಾ?" ಎಂದ. ಬಿಂದಿಗೆಯಲ್ಲಿ ಏನಿದೆ ಎಂದು, ತೆಲುಗಿನಲ್ಲಿ.

"ನೀಳ್ಳು," ನೀರು, ಎಂದಳು ಅತ್ತೆ.

"ಕಲ್ಯಾಣದುರ್ಗಂಲೋ ನೀಳ್ಳು ಲೇವಾ?" ಆ ಊರಲ್ಲೇನು ನೀರಿಲ್ಲವೇ ಎಂದು ಅವನ ಪ್ರಶ್ನೆ.

"ಐತಪ್ಪ. ಗಣಿತದ ಮೇಷ್ಟ್ರಿಲ್ಲ ನಮ್ಮೂರಲ್ಲಿ. ಅದಕ್ಕೆ."

ಕಂಡಕ್ಟರು ನನ್ನ ಮುಖ ನೋಡಿದ. ನಾನು ಕಿಟಕಿಯ ಆಚೆ ನೋಡಿದೆ. ಪಾಪ, ಅವನು ಲಗೇಜಿನ ಟಿಕೆಟ್ಟನ್ನೂ ಕೇಳದೆ ಮುಂದಕ್ಕೆ ಸರಿದುಬಿಟ್ಟ!

ಕಲ್ಯಾಣದುರ್ಗದಲ್ಲಿ ಹುಡುಗಿಯ ತಾಯಿ ಜಗಲಿಯ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದಳು. ಅವಳ ಮನೆಯ ಬಾವಿಯೂ ಸಿಹಿನೀರಿನದೇ, ಆ ಸೊಕ್ಕು ಮುಖದಲ್ಲೇ ಕಾಣುತ್ತಿತ್ತು. ಅತ್ತೆ ಬೋಂಡಾ ಅಂಗಡಿಯ ಸೋಡಾದ ಕಥೆಯನ್ನು ಮುಚ್ಚಿಡದೆ ಹೇಳಿ, ಚೀಲದಿಂದ ತಪ್ಪಲೆ ತೆಗೆದಳು, ಬೇಳೆಯ ಗಂಟು ಬಿಚ್ಚಿದಳು, ಬಿಂದಿಗೆಯ ಬಟ್ಟೆ ಬಿಚ್ಚಿದಳು. ಆ ತಾಯಿ ಕೈ ಕೂಡ ನಿಲ್ಲಿಸದೆ ಹೇಳಿದಳು.

"ನೀರು ನೀವೇ ತಂದ್ರಿ, ಬ್ಯಾಳೆ ನೀವೇ ತಂದ್ರಿ, ತಪ್ಪಲೆನೂ ನೀವೇ ತಂದ್ರಿ. ಇನ್ನು ಬೇಯ್ದೆ ಏನ್ ಮಾಡ್ತದೆ? ಒಂದು ದಪ ಸೋಡಾ ತಿನ್ಸಿದ ಊರು ನಿಮ್ದು."

ಅತ್ತೆ ಬೇಳೆಯ ಗಂಟನ್ನು ಮತ್ತೆ ಕಟ್ಟಿ ಚೀಲಕ್ಕೆ ಹಾಕಿದಳು. ಬಾಗಿಲ ಹಿಂದೆ ನಿಂತ ಹುಡುಗಿಯನ್ನು ನೋಡಿದಳು, ತಾಯಿಯನ್ನು ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು. "ನಮ್ಮ ಮಕ್ಕಳು ಮೊದಲನೇ ಪಾಠ ಬಿಟ್ಟು ಮುಂದಕ್ಕೆ ಹೋಗಿಲ್ಲ ಕಣಮ್ಮ. ನಿಮ್ಮ ಅಳಿಯ ಹೋದ್ರೆ ಇನ್ನೊಬ್ಬ ಬತ್ತಾನೆ, ಅವನೂ ಅದೇ ಪಾಠ ತೆಗೀತಾನೆ. ನನ್ನ ನಂಬಬ್ಯಾಡಿ. ನೀವೇ ಬನ್ನಿ, ನೀವೇ ಸೇದಿ, ನೀವೇ ಬೇಯ್ಸಿ ನೋಡಿ."

ಬಂದಳಲ್ಲ ಆಕೆ! ತನ್ನದೇ ಬೇಳೆ, ತನ್ನದೇ ಪಾತ್ರೆ, ಸಾಲದ್ದಕ್ಕೆ ತನ್ನದೇ ಬೆಂಕಿಪೊಟ್ಟಣ! ನಮ್ಮ ಕಡ್ಡಿಯಲ್ಲೂ ಏನೋ ಮೋಸ ಇದ್ದರೆ? ನಮ್ಮ ಅಡುಗೆಮನೆಯಲ್ಲಿ ಒಲೆಯ ಆ ಬದಿಗೆ ಆಕೆ, ಈ ಬದಿಗೆ ಅತ್ತೆ. ಮೇಷ್ಟ್ರು ಹೊರಗೆ ಉಗುರು ಕಚ್ಚುತ್ತಾ ನಿಂತಿದ್ದರು. ಮಾವ ಮಗ್ಗ ನಿಲ್ಲಿಸಿದ್ದರು. ಆಕೆ ಒಂದು ಬೇಳೆ ತೆಗೆದು ಹಿಸುಕಿದಳು. ಇನ್ನೊಂದು ತೆಗೆದು ಹಿಸುಕಿದಳು.

"ಊಂ," ಎಂದಳು.

"ಊಂ ಅಂದ್ರೆ?" ಎಂದಳು ಅತ್ತೆ.

"ಊಂ ಅಂದ್ರೆ ಇರ್ಲಿ ಬಿಡಿ. ನಮ್ಮನೆ ನೀರಷ್ಟಿಲ್ಲ. ಆದ್ರೂ ಸಂಸಾರಕ್ಕಾಯ್ತದೆ."

ಮಗ್ಗ ಮತ್ತೆ ಶುರುವಾಯಿತು. ಮೇಷ್ಟ್ರು ಸರಳ ಬಡ್ಡಿಯನ್ನೂ ದಾಟಿ ಪುಸ್ತಕದ ಕೊನೆಯ ಹಾಳೆಯವರೆಗೆ ಹೋದರು. ಆ ವರ್ಷ ಎಲ್ಲರೂ ಪಾಸಾದರು ಎಂದು ಬರೆಯಲು ನನಗೂ ಆಸೆಯೇ. ಹಾಗೇನಿಲ್ಲ, ಒಂದಿಬ್ಬರು ಹೋದರು. ಉಳಿದವರು ಎಂಟನೇ ತರಗತಿಯ ಬೆಂಚಿನ ಮೇಲೆ ಕೂತರು, ಹೆಣ್ಣುಮಕ್ಕಳೂ ಕೂತರು. ಅತ್ತೆ ಅವರನ್ನು ಕಿಟಕಿಯಿಂದ ನೋಡುತ್ತಾ ನಿಂತುಬಿಡುತ್ತಿದ್ದಳು.

ಇದಾದ ಮೇಲೆ ಊರಿಗೆ ಪ್ರೆಶರ್ ಕುಕ್ಕರು ಬಂತು. ಗಡಸು ನೀರಲ್ಲೂ ಬೇಳೆ ಬೇಯತೊಡಗಿತು. ಎಲ್ಲರೂ ಖುಷಿಪಟ್ಟರು, ಅತ್ತೆಯೊಬ್ಬಳನ್ನು ಬಿಟ್ಟು! "ಅದ್ರಲ್ಲಿ ಕಲ್ಲು ಹಾಕಿದ್ರೂ ಬೇಯ್ತದೆ. ಅದು ಪರೀಕ್ಷೆಲಿ ಕಾಪಿ ಹೊಡ್ದಂಗೆ" ಎಂದು ಅವಳು ಕುಕ್ಕರನ್ನು ಮನೆಯ ಹೊಸಿಲು ದಾಟಿಸಲಿಲ್ಲ. ರಿಟೈರಾದ ಮೇಲೂ ಅಷ್ಟೇ, ಚೀಲದಲ್ಲಿ ಅದೇ ತಪ್ಪಲೆ, ಅದೇ ಗಂಟು.

ಆಗ ನಾನು ಟೀಚರಾದೆ. ನನ್ನನ್ನು ಹಾಕಿದ್ದು ಎಲ್ಲಿಗೆ? ಕಲ್ಯಾಣದುರ್ಗದಿಂದ ಬಾಡಿಗೆ ಜೀಪಿನಲ್ಲಿ, ಕಡಲೆಕಾಯಿ ಮೂಟೆಗಳ ಮೇಲೆ ಕೂತು ಹೋಗಬೇಕಾದ ಒಂದು ಹಳ್ಳಿಗೆ. ಒಂದೇ ಕೋಣೆಯ ಶಾಲೆ, ಒಬ್ಬಳೇ ಟೀಚರು. ತಿಂಗಳೊಳಗೆ ನನಗೆ ಸಾಕುಸಾಕಾಯಿತು. ಆದರೆ ನಾನು ಯಾರ ಸೋದರಸೊಸೆ? ಅತ್ತೆಗೆ ಹೇಳಿಕಳಿಸಿದೆ, "ಇಲ್ಲಿ ಬೇಳೆ ಬೇಯಲ್ಲ." ಅವಳ ಕಾನೂನೇ ನನ್ನ ಕಡೆ ಇತ್ತು! ಇನ್ನು ವರ್ಗ ಮಾಡಿಸುವ ಓಡಾಟ ಅವಳದೇ ಎಂದು ಧೈರ್ಯವಾಗಿ ಟ್ರಂಕು ಕಟ್ಟಿಟ್ಟೆ.

ಅತ್ತೆ ಜೀಪಿನಿಂದ ಇಳಿದವಳೇ ಚೀಲ ಹೆಗಲಿಗೇರಿಸಿದಳು. ಮಂಡಿನೋವಿಗೆ ಕುಂಟುತ್ತಾ ಊರಿನ ಎಲ್ಲ ಬಾವಿಗೂ ಹೋದಳು, ಕೈಪಂಪನ್ನೂ ಬಿಡಲಿಲ್ಲ. ಹಿಂದೆ ಮಕ್ಕಳ ಮೆರವಣಿಗೆ. ಎಲ್ಲ ನೀರೂ ಫೇಲು! ನನ್ನ ಖುಷಿ ಹೇಳತೀರದು. ಕೊನೆಯ ಒಲೆಯ ಮುಂದೆ ಕೂತು, ಬೇಯದ ಬೇಳೆಯನ್ನು ಬೆರಳಲ್ಲಿ ಹೊರಳಿಸುತ್ತಾ ಅವಳು ಮಕ್ಕಳನ್ನು ಕೇಳಿದಳು.

"ನಿಮ್ಮ ಟೀಚರ್ ಹೆಸ್ರೇನ್ರೋ?"

"ಕೊತ್ತ ಟೀಚರ್!" ಎಂದವು ಮಕ್ಕಳು. ಹೊಸ ಟೀಚರ್ ಎಂದು, ತೆಲುಗಿನಲ್ಲಿ.

"ಇವಳಿಗಿಂತ ಮುಂಚೆ ಇದ್ದೋರು?"

"ಅವ್ರೂ ಕೊತ್ತ ಟೀಚರೇ."

"ಅದಕ್ಕೂ ಮುಂಚೆ?"

ಮಕ್ಕಳು ಮುಖ ಮುಖ ನೋಡಿಕೊಂಡವು. "ಕೊತ್ತ ಸಾರ್."

ನನಗೆ ನಗು ಬಂತು. ಅತ್ತೆ ನಗಲಿಲ್ಲ. ತಪ್ಪಲೆ ತೊಳೆದು ಚೀಲಕ್ಕೆ ಹಾಕಿ, ನನಗೆ ಒಂದು ಮಾತನ್ನೂ ಹೇಳದೆ ಸಂಜೆಯ ಜೀಪು ಹತ್ತಿ ಹೋದಳು. ವರ್ಗದ ಕೆಲಸಕ್ಕೇ ಹೋದಳು ಎಂದು ನಾನು ಹಿಗ್ಗಿದೆ.

ಎರಡು ದಿನ ಬಿಟ್ಟು ಬಂದಳು. ಒಂದು ಕೈಯಲ್ಲಿ ಸುತ್ತಿದ ಹಾಸಿಗೆ, ಇನ್ನೊಂದರಲ್ಲಿ ಹೊಚ್ಚಹೊಸ ಕುಕ್ಕರು!

"ಅತ್ತೆ! ಇದು ಕಾಪಿ ಅಲ್ವಾ?"

"ಹೂಂ ಕಣಮ್ಮ, ಕಾಪಿನೇ," ಎಂದು ಅದನ್ನು ಒಲೆಯ ಪಕ್ಕ ಇಟ್ಟಳು. "ಕಾಪಿ ಹೊಡ್ದಾದ್ರೂ ಇಲ್ಲಿ ಪಾಸಾಗು. ನೀನು ಪಾಸಾಗೋಗಂಟ ನಾನೂ ಇರ್ತೀನಿ."

"ಮಾವ?"

"ನಿಮ್ಮಾವನಿಗೆ ಬಾವಿ ಐತೆ. ನಿನಗೆ ಯಾರವ್ರೆ?"

ಟ್ರಂಕು ಬಿಚ್ಚದೆ ಬೇರೆ ದಾರಿ ಇತ್ತೇ? ಹಿಂದೂಪುರ ಬಿಟ್ಟು ಎಲ್ಲಿಯೂ ವಾಸ ಮಾಡದವಳು, ಬಡ್ತಿ ಕೊಟ್ಟು ಕರೆದರೂ ಹೋಗದವಳು, ಆ ಒಂದು ಕೋಣೆಯಲ್ಲಿ ನನ್ನ ಜೊತೆ ಉಳಿದಳು. ಕುಕ್ಕರು ಸೀಟಿ ಹೊಡೆದಾಗಲೆಲ್ಲ ಬೆಚ್ಚಿ ಬಾಗಿಲ ಹಿಂದೆ ನಿಲ್ಲುತ್ತಿದ್ದಳು. ಅದು ತಣ್ಣಗಾದ ಮೇಲೆ ಮುಚ್ಚಳ ತೆಗೆದು, ಒಂದು ಬೇಳೆ ಹಿಸುಕಿ, "ಕಳ್ಳ ಪಾಸು" ಎನ್ನುತ್ತಿದ್ದಳು. ಸಂಜೆ ಮಕ್ಕಳನ್ನು ಅಂಗಳದಲ್ಲಿ ಕೂರಿಸಿಕೊಂಡು ಮಗ್ಗಿ ಹೇಳಿಸುತ್ತಿದ್ದಳು. ನಾನು ಒಂದು ಪಾಠ ಮುಗಿಸಿದೆ, ಎರಡನೆಯದಕ್ಕೆ ಹೋದೆ, ಮೂರನೆಯದಕ್ಕೂ ಹೋದೆ. ವರ್ಗದ ಮಾತು ನನಗೆ ಯಾವಾಗ ಮರೆತುಹೋಯಿತೋ ತಿಳಿಯದು.

ಬೇಸಿಗೆ ರಜಕ್ಕೆ ಇಬ್ಬರೂ ಹಿಂದೂಪುರಕ್ಕೆ ಹೋಗಿ, ಶಾಲೆ ತೆರೆಯುವ ಹಿಂದಿನ ದಿನ ಅದೇ ಜೀಪಿನಲ್ಲಿ ವಾಪಸು ಬಂದೆವು. ನಾನು ಟ್ರಂಕು ಹಿಡಿದು ಇಳಿದೆ. ಬೇವಿನ ಮರದ ಕೆಳಗೆ ಆಡುತ್ತಿದ್ದ ಮಕ್ಕಳು ಆಟ ಬಿಟ್ಟು ಓಡಿಬಂದವು.

"ಟೀಚರ್ ಬಂದ್ರು ಕಣ್ರೋ! ಟೀಚರ್ ಬಂದ್ರು!"

ಅತ್ತೆಯ ಒಂದು ಕಾಲು ಜೀಪಿನ ಮೆಟ್ಟಿಲ ಮೇಲಿತ್ತು. ಅದನ್ನು ಹಾಗೇ ಮೇಲಕ್ಕೆಳೆದುಕೊಂಡು ಮತ್ತೆ ಸೀಟಿನ ಮೇಲೆ ಕೂತಳು. "ಇರಪ್ಪ, ಹೊರಡಬ್ಯಾಡ," ಎಂದಳು ಡ್ರೈವರಿಗೆ, "ನಾನೂ ವಾಪಸ್ ಬತ್ತೀನಿ."

"ಯಾಕತ್ತೆ? ಏನಾಯ್ತು?"

"ಕಿವಿ ಕೇಳ್ಸಲ್ವಾ ನಿಂಗೆ? ಕೊತ್ತ ಅನ್ಲಿಲ್ಲ."

ಅಷ್ಟು ಹೇಳಿ, ಹಾಸಿಗೆಯ ಸುರುಳಿಯನ್ನು ಮಡಿಲಿಗೆ ಎಳೆದುಕೊಂಡು, ಸೆರಗಿನಿಂದ ಮುಖ ಒರೆಸಿಕೊಂಡಳು. ಜೀಪು ತಿರುಗಿತು. ನನಗೆ ಅವಳ ಕಾಲು ಹಿಡಿದುಕೊಳ್ಳಬೇಕು ಅನ್ನಿಸಿತು, ಕೂಗಬೇಕು ಅನ್ನಿಸಿತು. ಮಕ್ಕಳು ಆಗಲೇ ನನ್ನ ಟ್ರಂಕನ್ನು ಎತ್ತಿಕೊಂಡು ಶಾಲೆಯ ಕಡೆಗೆ ನಡೆಯುತ್ತಿದ್ದವು. ನಾನು ಅವರ ಹಿಂದೆ ಹೋದೆ.